ಉಂಡು ಓಡಿದರಷ್ಟೇ ಕೆರಳುವ ಅಲರ್ಜಿ: ಪತ್ತೆ ಹಚ್ಚುವುದು ಹೇಗೆ?

ಗೋಧಿ ತಿಂದು ಸುಮ್ಮನೆ ಕುಳಿತರೆ ಏನೂ ಆಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಓಡಿದರೂ ಇಲ್ಲ. ತಿಂದು ಓಡಿದ ದಿನ ಮಾತ್ರ ಮೈತುಂಬ ತುರಿಕೆ, ಗಂಧೆ, ತುಟಿ ಊತ, ಉಸಿರುಗಟ್ಟುವಿಕೆ, ಕೆಲವೊಮ್ಮೆ ರಕ್ತದೊತ್ತಡ ಕುಸಿದು ಬವಳಿ. ಚಿಪ್ಪುಮೀನು ತಿಂದು ಓಡಿದವರೊಬ್ಬರಲ್ಲಿ ಇಂಥ ಪ್ರತಿಕ್ರಿಯೆ ಕಂಡದ್ದು 1979ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಗೋಧಿ, ಸಿಗಡಿ, ಏಡಿ, ಕಾಯಿಬೀಜ, ಕೆಲವು ಹಣ್ಣುಗಳು ಸಾಮಾನ್ಯ ಕಾರಣಗಳು. ಬಿಡಿಬಿಡಿಯಾಗಿ ನೋಡಿದರೆ ಊಟವೂ ನಿರಪರಾಧಿ, ಓಟವೂ ನಿರಪರಾಧಿ. ಪತ್ತೆ ತಡವಾಗುವುದೇ ಇದರಿಂದ.

ಮೊದಲು ಗಡಿಯಾರ, ಆಮೇಲೆ ಸೂಜಿ

ಪ್ರತಿ ಘಟನೆಗೂ ಹಿಂದಿನ 6 ಗಂಟೆಗಳಲ್ಲಿ ತಿಂದದ್ದನ್ನೆಲ್ಲ ಸಮಯದ ಸಮೇತ ಬರೆಯಿರಿ. ಸಾಸ್, ಬಿಸ್ಕತ್ತು, ಪ್ರೋಟೀನ್ ಬಾರ್ ಕೂಡ ಬಿಡಬೇಡಿ. ಯಾವ ವ್ಯಾಯಾಮ, ಎಷ್ಟು ನಿಮಿಷ, ಮೊದಲ ತುರಿಕೆ ಎಷ್ಟನೇ ನಿಮಿಷಕ್ಕೆ ಶುರುವಾಯಿತು ಎಂಬುದೂ ಬೇಕು. ಜೋರಾದ ಓಟವೇ ಆಗಬೇಕಿಲ್ಲ, ಚುರುಕು ನಡಿಗೆಯೂ ಸಾಕಾಗಬಹುದು. ಆ ದಿನ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದ್ದಿರಾ? ಮದ್ಯ ಸೇವಿಸಿದ್ದಿರಾ? ಜ್ವರ, ನಿದ್ದೆಗೇಡು, ಮುಟ್ಟು, ವಿಪರೀತ ಸೆಕೆ ಅಥವಾ ಚಳಿ ಇತ್ತೆ? ಇವೆಲ್ಲ ಪ್ರತಿಕ್ರಿಯೆಯ ಹೊಸ್ತಿಲನ್ನು ತಗ್ಗಿಸುತ್ತವೆ. ಅದೇ ಆಹಾರ ತಿಂದು ಅಷ್ಟೇ ಓಡಿದರೂ ಏನೂ ಆಗದ ದಿನಗಳನ್ನೂ ತಪ್ಪದೆ ಗುರುತಿಸಿ. ಸುಳಿವು ಹೆಚ್ಚಾಗಿ ಅಲ್ಲೇ ಇರುತ್ತದೆ. ಗಂಧೆ ಮಾಯವಾಗುವ ಮೊದಲೇ ಫೋಟೊ ತೆಗೆಯಿರಿ.

ಇದನ್ನೇ ಹೋಲುವ ಬೇರೆ ತೊಂದರೆಗಳು

ಬಿಸಿನೀರು ಸ್ನಾನದಲ್ಲೂ 1ರಿಂದ 3 ಮಿ.ಮೀ. ಗಾತ್ರದ ಸಣ್ಣ ಗುಳ್ಳೆಗಳೆದ್ದರೆ ಅದು ಮೈ ಕಾವೇರುವುದರಿಂದ ಬರುವ ಗಂಧೆಯಾಗಿರಬಹುದು. ಕೆಮ್ಮು, ಗೊರಗೊರ ಮಾತ್ರ ಇದ್ದು ಚರ್ಮ ಶುಭ್ರವಾಗಿದ್ದರೆ ವ್ಯಾಯಾಮದ ಆಸ್ತಮಾ ಕಡೆ ನೋಡಬೇಕು. ಊಟದ ಸಂಬಂಧವೇ ಇಲ್ಲದೆ, ಬರೀ ವ್ಯಾಯಾಮದಿಂದ ಬರುವ ತೀವ್ರ ಅಲರ್ಜಿಯೂ ಉಂಟು. ಚರ್ಮದಲ್ಲಿ ಏನೂ ಕಾಣದೆ ಓಡುವಾಗಲೇ ಕುಸಿದುಬಿದ್ದರೆ ಮಾತ್ರ ಅಲರ್ಜಿ ಪರೀಕ್ಷೆಗೆ ಮೊದಲು ಹೃದಯದ ತಪಾಸಣೆಯಾಗಲಿ.

ಪರೀಕ್ಷೆಗಳು

ಘಟನೆ ನಡೆದ ದಿನವೇ ಆಸ್ಪತ್ರೆ ತಲುಪಿದರೆ ರಕ್ತದಲ್ಲಿ ಟ್ರಿಪ್ಟೇಸ್ (ತೀವ್ರ ಅಲರ್ಜಿಯಾದಾಗ ದೇಹದ ಕೋಶಗಳಿಂದ ರಕ್ತಕ್ಕೆ ಬರುವ ಕಿಣ್ವ) ಅಳೆಯಲು ಕೇಳಿ. ಲಕ್ಷಣ ಶುರುವಾದ 1ರಿಂದ 2 ಗಂಟೆಯೊಳಗೆ ತೆಗೆದ ರಕ್ತ ಉತ್ತಮ, 4 ಗಂಟೆಯವರೆಗೂ ಉಪಯೋಗವಿದೆ. ಪೂರ್ತಿ ಚೇತರಿಸಿಕೊಂಡು 24 ಗಂಟೆ ಕಳೆದ ಮೇಲೆ ಇನ್ನೊಮ್ಮೆ ಅಳೆಯಬೇಕು. ಈ ಎರಡನೆಯ ಅಂಕಿಯನ್ನು 1.2ರಿಂದ ಗುಣಿಸಿ 2 ಕೂಡಿಸಿ. ಮೊದಲ ಅಂಕಿ ಅದನ್ನು ಮುಟ್ಟಿದರೆ ತೀವ್ರ ಅಲರ್ಜಿಗೆ ಪುರಾವೆ ಸಿಕ್ಕಂತೆ. ಉದಾಹರಣೆಗೆ ಎರಡನೆಯದು 5 ಇದ್ದರೆ ಮೊದಲನೆಯದು 8 ಅಥವಾ ಹೆಚ್ಚು ಇರಬೇಕು. ಏರದಿದ್ದರೆ ಅಲರ್ಜಿಯಲ್ಲ ಎನ್ನುವಂತಿಲ್ಲ: ಆಹಾರದ ಪ್ರತಿಕ್ರಿಯೆಗಳಲ್ಲಿ ಅದು ಹಲವು ಬಾರಿ ಏರುವುದೇ ಇಲ್ಲ.

ಚರ್ಮ ಚುಚ್ಚಿ ನೋಡುವ ಪರೀಕ್ಷೆಗೆ ಸುಮಾರು ಒಂದು ವಾರ ಮೊದಲೇ, ವೈದ್ಯರ ಒಪ್ಪಿಗೆ ಪಡೆದು, ಆಂಟಿಹಿಸ್ಟಮಿನ್ ಮಾತ್ರೆ ನಿಲ್ಲಿಸಬೇಕು. ಇಲ್ಲದಿದ್ದರೆ ಎಲ್ಲವೂ ಸುಳ್ಳೇ ನೆಗೆಟಿವ್ ಬರುತ್ತದೆ. 15ರಿಂದ 20 ನಿಮಿಷಕ್ಕೆ ಎದ್ದ ಉಬ್ಬು, ಹೋಲಿಕೆಗೆಂದು ಬರೀ ಉಪ್ಪುನೀರು ಹಾಕಿ ಚುಚ್ಚಿದ ಚುಕ್ಕೆಗಿಂತ ಕನಿಷ್ಠ 3 ಮಿ.ಮೀ. ದೊಡ್ಡದಿದ್ದರೆ ಪಾಸಿಟಿವ್.

ಗೋಧಿಯ ವಿಷಯದಲ್ಲಿ ಇಲ್ಲೊಂದು ಬಲೆ ಇದೆ. ಇಲ್ಲಿ ಮುಖ್ಯ ಅಪರಾಧಿ ಒಮೆಗಾ-5 ಗ್ಲಯಾಡಿನ್ ಎಂಬ ಪ್ರೋಟೀನ್. ಅದು ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ಪರೀಕ್ಷೆಗೆ ಬಳಸುವ ಮಾಮೂಲಿ ಗೋಧಿ ದ್ರಾವಣದಲ್ಲಿ ಸಾಕಷ್ಟು ಇರುವುದಿಲ್ಲ. 'ಗೋಧಿ ನೆಗೆಟಿವ್' ಎಂಬ ವರದಿ ನೋಡಿ ಸುಮ್ಮನಾಗದೆ ಒಮೆಗಾ-5 ಗ್ಲಯಾಡಿನ್‌ಗೇ ಐಜಿಇ (ಅಲರ್ಜಿಗೆ ಕಾರಣವಾಗುವ ಪ್ರತಿಕಾಯ) ರಕ್ತಪರೀಕ್ಷೆ ಮಾಡಿಸಬೇಕು. ಮತ್ತೊಂದು ಕಡೆ, ಪಾಸಿಟಿವ್ ಬಂದ ಮಾತ್ರಕ್ಕೆ ಕಾಯಿಲೆ ಖಾತ್ರಿಯಾಗದು. ಐಜಿಇ ಇದ್ದೂ ಆರಾಮಾಗಿ ತಿಂದು ಓಡುವವರಿದ್ದಾರೆ. ನೀವು ಬರೆದಿಟ್ಟ ದಿನಚರಿಯ ಜೊತೆ ಹೊಂದಿದರಷ್ಟೇ ಅದಕ್ಕೆ ಬೆಲೆ.

ಕೊನೆಯದು ತಿನ್ನಿಸಿ ಓಡಿಸುವ ಪರೀಕ್ಷೆ. ಆಹಾರ ಮಾತ್ರ, ಟ್ರೆಡ್‌ಮಿಲ್ ಮಾತ್ರ, ಆಮೇಲೆ ಎರಡೂ, ಬೇರೆ ಬೇರೆ ದಿನ. ಕೆಲವು ಕೇಂದ್ರಗಳಲ್ಲಿ ಆಸ್ಪಿರಿನ್ನನ್ನೂ ಸೇರಿಸುತ್ತಾರೆ. ತುರ್ತು ಚಿಕಿತ್ಸೆ ಸಿದ್ಧವಿರುವ ಆಸ್ಪತ್ರೆಯಲ್ಲೇ ಇದು ನಡೆಯಬೇಕು. ಮನೆಯಲ್ಲಿ ಪ್ರಯತ್ನಿಸುವುದು ಪ್ರಾಣದ ಜೊತೆ ಜೂಜು. ಅಂದಿನ ಸೆಕೆ, ನಿದ್ದೆ, ಮಾತ್ರೆ ಕೂಡಿಬರದೆ ನೆಗೆಟಿವ್ ಆದರೆ ರೋಗವಿಲ್ಲ ಎಂದರ್ಥವಲ್ಲ.

ಅಲ್ಲಿಯವರೆಗೆ

ಅನುಮಾನದ ಆಹಾರ ತಿಂದು 4ರಿಂದ 6 ಗಂಟೆ ವ್ಯಾಯಾಮ ಬೇಡ. ಒಬ್ಬರೇ ಓಡಬೇಡಿ. ತುರಿಕೆ ಶುರುವಾದ ಕ್ಷಣವೇ ನಿಲ್ಲಿಸಿ. ಉಸಿರು ಕಟ್ಟಿದರೆ ಅಥವಾ ತಲೆ ಸುತ್ತಿದರೆ ವೈದ್ಯರು ಬರೆದುಕೊಟ್ಟ ಅಡ್ರಿನಾಲಿನ್ ಅನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಚುಚ್ಚಿ, ಆಂಬುಲೆನ್ಸ್ ಕರೆಯಿರಿ. ಕಾಲು ಎತ್ತರಿಸಿ ಮಲಗಿರಿ. ಉಸಿರಾಟ ಕಷ್ಟವಾದರೆ ಕುಳಿತಿರಿ. ಸ್ವಲ್ಪ ಹಾಯೆನಿಸಿತೆಂದು ತಟ್ಟನೆ ಎದ್ದು ನಿಂತರೆ ರಕ್ತದೊತ್ತಡ ಮತ್ತೆ ಕುಸಿಯಬಹುದು.