ನಮ್ಮ ಮನೆಯ ಗಾದಿ, ಮಗಳ ಸೀನು

ಮಗಳು ಬೆಳಿಗ್ಗೆ ಎದ್ದ ಕೂಡಲೇ ಸೀನಲು ಶುರು ಮಾಡುತ್ತಿದ್ದಳು. ಹತ್ತು, ಹದಿನೈದು ಸಲ. ಕಣ್ಣು ಕೆಂಪು, ಮೂಗು ಕಟ್ಟಿ ಬಾಯಿಂದಲೇ ಉಸಿರು. ಶಾಲೆಗೆ ಹೋಗಿ ಒಂದೆರಡು ತಾಸಾದರೆ ಆರಾಮ. ನಾವಿರೋದು ಬೆಳಗಾವಿಯ ಶಹಾಪುರದಲ್ಲಿ. ರಸ್ತೆ ಧೂಳಿನಿಂದಲೇ ಹೀಗೆ ಅಂದುಕೊಂಡು ಎರಡು ವರ್ಷ ಕಿಟಕಿ ಮುಚ್ಚಿಕೊಂಡೇ ಕೂತೆವು.

ಅನುಮಾನ ಬಂದದ್ದು ಬೇಸಿಗೆ ರಜೆಯಲ್ಲಿ. ನನ್ನ ತವರು ವಿಜಯಪುರ, ಅಲ್ಲಿ ಇಲ್ಲಿಗಿಂತ ಜಾಸ್ತಿ ಧೂಳು, ಗಾಳಿ ಬೀಸಿದರೆ ಅಂಗಳದ ಮಣ್ಣೆಲ್ಲ ಮನೆಯೊಳಗೆ, ಆದರೂ ವಾರ ಕಳೆಯುವಷ್ಟರಲ್ಲಿ ಅವಳ ಸೀನು ಕಡಿಮೆ. ಜೂನ್‌ನಲ್ಲಿ ವಾಪಸ್ ಬಂದು ಮಳೆ ಹಿಡಿದ ಮೇಲೆ ಮತ್ತೆ ಜೋರು. ರಸ್ತೆ ಧೂಳೇ ಕಾರಣವಾಗಿದ್ದರೆ ಉಲ್ಟಾ ಆಗಬೇಕಿತ್ತು ಅಲ್ವಾ?

ಡಾಕ್ಟರ್ ಮುಂಗೈ ಮೇಲೆ ಅಲರ್ಜಿ ತರುವ ಬೇರೆ ಬೇರೆ ವಸ್ತುಗಳ ಹನಿ ಹಾಕಿ ಸೂಜಿಯಿಂದ ಮೆಲ್ಲಗೆ ಚುಚ್ಚಿ ನೋಡಿದರು. 15 ನಿಮಿಷದಲ್ಲಿ ಒಂದು ಕಡೆ ಸೊಳ್ಳೆ ಕಚ್ಚಿದ ಹಾಗೆ ದದ್ದು ಎದ್ದಿತು. ಅದು ಡಸ್ಟ್ ಮೈಟ್, ಅಂದರೆ ಧೂಳಿನ ನುಸಿಯ ಹನಿ ಹಾಕಿದ ಜಾಗ. (ಈ ಟೆಸ್ಟ್‌ಗೆ ಮುಂಚೆ ಅಲರ್ಜಿ ಮಾತ್ರೆ ಕೆಲವು ದಿನ ನಿಲ್ಲಿಸಬೇಕಾಗುತ್ತದೆ. ಎಷ್ಟು ದಿನ ಅಂತ ಡಾಕ್ಟರನ್ನೇ ಕೇಳಿ.)

ಈ ನುಸಿ ಅರ್ಧ ಮಿಲಿಮೀಟರ್ ಕೂಡ ಇರೋದಿಲ್ಲ. ಎಂಟು ಕಾಲು, ಜೇಡದ ಬಳಗ. ಕಚ್ಚೋದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿನ್ನುತ್ತದೆ, ನೀರು ಕುಡಿಯದೆ ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ತೇವಾಂಶ ಶೇ 50ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ಒಣಗಿ ಸಾಯುತ್ತದೆ. ವಿಜಯಪುರದ ಬೇಸಿಗೆಯ ಗುಟ್ಟು ಇದೇ. ಇನ್ನೊಂದು ವಿಷಯ ಆಮೇಲೆ ಹೊಳೆಯಿತು: ಅಲ್ಲಿ ಅವಳು ಮಲಗುತ್ತಿದ್ದದ್ದು ನೆಲದ ಮೇಲೆ, ಅವ್ವನ ಕೌದಿ ಹಾಸಿಕೊಂಡು. ಇಲ್ಲಿ ನನ್ನ ಮದುವೆಯಲ್ಲಿ ಮಾಡಿಸಿದ ದಪ್ಪ ಹತ್ತಿ ಗಾದಿ, ನುಸಿ ಸೇರಿಕೊಳ್ಳೋದು ಇಂಥದ್ದರಲ್ಲೇ.

ಗಾದಿ ತೆಗೆಯೋಣ ಅಂದಾಗ ಅತ್ತೆಯವರು ಒಪ್ಪಲಿಲ್ಲ. "ವಾರಕ್ಕೊಮ್ಮೆ ಬಿಸಿಲಿಗೆ ಹಾಕ್ತೀವಲ್ಲ, ಮತ್ತೇನ್ ಆಗೂದೈತಿ?" ಅವರ ಮಾತಿನಲ್ಲಿ ಅರ್ಧ ಸರಿ. ಒಳ್ಳೆ ಬಿಸಿಲಿಗೆ ನುಸಿ ಸಾಯಬಹುದು. ಆದರೆ ಅಲರ್ಜಿ ತರೋದು ಹೆಚ್ಚಾಗಿ ಅದರ ಹಿಕ್ಕೆ, ಅದು ಬಿಸಿಲಿಗೆ ಹೋಗೋದಿಲ್ಲ, ಒಗೆದರೆ ಮಾತ್ರ ಹೋಗುತ್ತದೆ. ಗಾದಿ ಒಗೆಯೋಕೆ ಬರುತ್ತಾ? ಇದನ್ನು ಹೇಳಿದ ಮೇಲೆ ಅವರೇ ಮುಂದೆ ನಿಂತು ಗಾದಿ ಹೊರಗೆ ಹಾಕಿಸಿದರು.

ಈಗ ಮಗಳ ಮಂಚದ ಮೇಲೆ ಎರಡು ಕೌದಿ ಅಷ್ಟೇ. ಹಳೇ ಹತ್ತಿ ಸೀರೆಯದ್ದು, ಬಿಸಿ ನೀರಿಗೆ ಹೆದರೋದಿಲ್ಲ. ವಾರಕ್ಕೊಮ್ಮೆ ಹಂಡೆಯ ಕುದಿ ನೀರು ಸುರಿದು ಅರ್ಧ ಗಂಟೆ ನೆನೆಸಿ ಒಗೆಯುತ್ತೇನೆ, ಚಾದರ, ದಿಂಬಿನ ಕವರ್‌ಗೂ ಅದೇ. 60 ಡಿಗ್ರಿ ಬಿಸಿಗೆ ನುಸಿ ಉಳಿಯೋದಿಲ್ಲ, ಬೆಚ್ಚಗಿನ ನೀರು ಸಾಲದು. ದಿಂಬಿಗೆ ಜಿಪ್ ಇರುವ ಒತ್ತು ನೇಯ್ಗೆಯ ಕವರ್ ಹಾಕಿದೆ. ಗಾದಿ ಬಿಡೋಕೆ ಆಗದವರು ಅದಕ್ಕೂ ಅಂಥದ್ದೇ ಹಾಕಬಹುದು. ಗೊಂಬೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ದಿನ ಫ್ರೀಜರ್‌ನಲ್ಲಿಟ್ಟು ಆಮೇಲೆ ಒಗೆದೆ. ಕಸಬರಿಗೆ ಬದಲು ಒದ್ದೆ ಬಟ್ಟೆ.

ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಹಾಕೋದು ನಿಲ್ಲಿಸಿದೆ. ಮಳೆಗಾಲದಲ್ಲಿ ಇದು ಬಹಳ ಕಷ್ಟ, ಆದರೂ ಅಡುಗೆಮನೆ ಕಡೆ ಹಗ್ಗ ಕಟ್ಟಿ ಹೇಗೋ ಮಾಡುತ್ತೇನೆ. ಬೇವಿನ ಹೊಗೆ, ಲೋಬಾನ ಹಾಕಿ ನೋಡಿದ್ದೆವು, ಕೆಮ್ಮು ಜಾಸ್ತಿ ಆಯಿತು, ದಯವಿಟ್ಟು ಅದನ್ನು ಮಾಡಬೇಡಿ.

ಒಂದೆರಡು ದಿನದಲ್ಲಿ ಏನೂ ಕಾಣೋದಿಲ್ಲ. ನಮಗೆ ಎರಡು ತಿಂಗಳು ಹಿಡಿಯಿತು. ಡಾಕ್ಟರ್ ಕೊಟ್ಟ ಮೂಗಿನ ಸ್ಪ್ರೇ ಕೂಡ ಜೊತೆಗೇ ನಡೆದಿದೆ, ಅವರನ್ನು ಕೇಳದೆ ಬಿಟ್ಟಿಲ್ಲ. ಮಗುವಿಗೆ ಎದೆಯಲ್ಲಿ ಸುಂಯ್ ಅನ್ನುವ ಸದ್ದು, ಉಸಿರಾಟದ ಕಷ್ಟ ಇದ್ದರೆ ಮನೆ ಒರೆಸುತ್ತ ಕೂರಬೇಡಿ, ತಕ್ಷಣ ತೋರಿಸಿ.

ಹೋದ ಮಳೆಗಾಲದಲ್ಲಿ ಸೀನು ಇತ್ತು, ಆದರೆ ಎರಡು ಮೂರು ಸಲ ಅಷ್ಟೇ. ಬಿಸಿಲಿಲ್ಲದೆ ಕೌದಿ ಒಣಗೋಕೆ ಮೂರು ದಿನ ಬೇಕು, ಎರಡೇ ಇದ್ದರೆ ಸಾಲೋದಿಲ್ಲ. ಅವ್ವ ಇನ್ನೆರಡು ಹೊಲಿಯುತ್ತಿದ್ದಾಳೆ.