ಬಿಡುವಿನಲ್ಲಿ ಮೊಬೈಲ್ ಪರೀಕ್ಷಕರಾಗುವುದು ಹೇಗೆ? ಹಣ ಸಿಗುವುದು ವರದಿಗೆ

‘ಮನೆಯಲ್ಲೇ ಕುಳಿತು ಮೊಬೈಲ್ ಪರೀಕ್ಷಿಸಿ, ದಿನಕ್ಕೆ ಸಾವಿರಾರು ರೂಪಾಯಿ ಗಳಿಸಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ಗೆ ಬಂದಿದ್ದರೆ ಮೊದಲು ಅದನ್ನು ಅಳಿಸಿಬಿಡಿ. ನಿಜವಾದ ಕೆಲಸ ಹಾಗೆ ಮನೆ ಹುಡುಕಿಕೊಂಡು ಬರುವುದಿಲ್ಲ. ಆದರೆ ಅಂಥ ಕೆಲಸ ಇರುವುದಂತೂ ಹೌದು. ಆ್ಯಪ್ ತಯಾರಿಸುವ ಕಂಪನಿ ಮಾರುಕಟ್ಟೆಯ ಎಲ್ಲ ಫೋನ್‌ಗಳನ್ನೂ ಕೊಂಡಿಟ್ಟುಕೊಳ್ಳಲಾರದು. ಹೀಗಾಗಿ ಜನರ ಕೈಯಲ್ಲಿರುವ ಫೋನ್‌ಗಳಲ್ಲೇ ಪರೀಕ್ಷೆ ಮಾಡಿಸುತ್ತದೆ. ನೀವು ಆ್ಯಪ್‌ನಲ್ಲಿ ಹುಡುಕಿಕೊಟ್ಟು ಒಪ್ಪಿತವಾದ ಪ್ರತಿ ದೋಷಕ್ಕೆ (ಬಗ್) ಅಥವಾ ಮುಗಿಸಿಕೊಟ್ಟ ಪ್ರತಿ ಪರೀಕ್ಷೆಗೆ ಇಷ್ಟು ಎಂದು ಹಣ. ಇದು ಕೈಖರ್ಚಿನ ಸಂಪಾದನೆ, ಸಂಬಳವಲ್ಲ.

ಹಂತ 1: ನೋಂದಣಿ

ಕಂಪನಿಗಳಿಗೂ ಪರೀಕ್ಷಕರಿಗೂ ಕೊಂಡಿಯಾಗಿರುವ ಯುಟೆಸ್ಟ್, ಟೆಸ್ಟ್ ಐಒ, ಟೆಸ್ಟ್‌ಬರ್ಡ್ಸ್‌ನಂಥ ಆನ್‌ಲೈನ್ ವೇದಿಕೆಗಳಲ್ಲಿ ಸೇರಲು ಶುಲ್ಕವಿಲ್ಲ. ಯಾರಾದರೂ ‘ನೋಂದಣಿ ಶುಲ್ಕ’ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಟೆಲಿಗ್ರಾಂ ಗುಂಪಿಗೆ ಸೇರಿಸಿ, ಯಾವುದಕ್ಕೋ ರೇಟಿಂಗ್‌ನ ನಕ್ಷತ್ರ ಕೊಡಿಸಿ, ಮೊದಲು ನೂರಿನ್ನೂರು ರೂಪಾಯಿ ಖಾತೆಗೆ ಹಾಕಿ, ಆಮೇಲೆ ‘ಮುಂಗಡ ಟಾಸ್ಕ್’ ಎಂದು ದುಡ್ಡು ಕೇಳುವುದು ಶುದ್ಧ ವಂಚನೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನೊಂದು ಅಡ್ಡದಾರಿಯೂ ಇದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ (ಆ್ಯಪ್ ತಯಾರಕ) ಖಾತೆಯವರು ಪ್ಲೇ ಸ್ಟೋರ್‌ಗೆ ಆ್ಯಪ್ ಬಿಡುಗಡೆ ಮಾಡುವ ಮೊದಲು ಸತತ 14 ದಿನ ಪರೀಕ್ಷಕರನ್ನು ಹೊಂದಿರಬೇಕು. ಮೊದಲು 20 ಜನ ಬೇಕಿತ್ತು, ಈಗ 12. ಈ ತಲೆ ಎಣಿಕೆಗಾಗಿ ಚಿಲ್ಲರೆ ಹಣಕ್ಕೆ ಪರೀಕ್ಷಕರನ್ನು ಮಾರುವವರು ಹುಟ್ಟಿಕೊಂಡಿದ್ದಾರೆ. ಆ್ಯಪ್ ಹಾಕಿಕೊಂಡು ಸುಮ್ಮನಿರುವ ಆ ಕೆಲಸದಿಂದ ನೀವು ಏನನ್ನೂ ಕಲಿಯುವುದಿಲ್ಲ. ಬೇಡ.

ಹಂತ 2: ಫೋನ್

ಹೊಸ ಫೋನ್ ಕೊಳ್ಳಬೇಡಿ. ಎರಡು ಮೂರು ವರ್ಷ ಹಳೆಯ ಮಧ್ಯಮ ಬೆಲೆಯ ಫೋನೇ ನನ್ನ ಆಯ್ಕೆ. ಮೆಮೊರಿ (RAM) ಕಡಿಮೆಯಿರುವ ಸಾಧನದಲ್ಲಿ ಆ್ಯಪ್‌ಗಳು ಎಡವುವುದೂ ಹೆಚ್ಚು. ಬ್ಯಾಂಕ್ ಆ್ಯಪ್ ಮತ್ತು ಕುಟುಂಬದ ಫೋಟೊಗಳು ಅದರಲ್ಲಿರಬಾರದು, ಗೂಗಲ್ ಖಾತೆಯೂ ಬೇರೆಯೇ ಇರಲಿ. ‘ಫೋನ್ ಕ್ಲೀನರ್’ ಎಂಬ ಹೆಸರಿನ ಕಸವನ್ನು ಕಿತ್ತುಹಾಕಿ. ಅದು ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಮುಚ್ಚುತ್ತಾ ಹೋದರೆ, ನೀವು ಇಲ್ಲದ ದೋಷವನ್ನು ವರದಿ ಮಾಡುತ್ತೀರಿ.

ಹಂತ 3: ಸಿದ್ಧತೆ

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಬಿಲ್ಡ್ ನಂಬರ್’ ಮೇಲೆ 7 ಬಾರಿ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ‘ಶೋ ಟ್ಯಾಪ್ಸ್’ ಚಾಲೂ ಮಾಡಿ, ಬೆರಳು ಎಲ್ಲಿ ಒತ್ತಿತು ಎಂಬುದು ವಿಡಿಯೊದಲ್ಲಿ ಕಾಣುತ್ತದೆ. ಪರದೆಯ ರೆಕಾರ್ಡಿಂಗ್‌ಗೆ ಆಂಡ್ರಾಯ್ಡ್ 11ರಿಂದ ಬಂದಿರುವ ಒಳ ಸೌಲಭ್ಯವೇ ಸಾಕು. ಜಾಹೀರಾತು ತುಂಬಿದ ಉಚಿತ ರೆಕಾರ್ಡರ್‌ಗಳ ಸಹವಾಸ ಬೇಡ.

ಹಂತ 4: ಹುಡುಕುವುದು

ಸೂಚನೆಗಳನ್ನು ಓದಿ, ಆಮೇಲೆ ಈಗಾಗಲೇ ದಾಖಲಾದ ದೋಷಗಳ ಪಟ್ಟಿಯನ್ನು ಓದಿ. ಬೇರೆಯವರು ಹೇಳಿದ್ದನ್ನೇ ನೀವೂ ಹೇಳಿದರೆ ಕಾಸಿಲ್ಲ. ಕಾಣುವ ಗುಂಡಿಗಳನ್ನೆಲ್ಲ ಒತ್ತುತ್ತಾ ಹೋಗುವವರೇ ಹೆಚ್ಚು, ಅವರೆಲ್ಲರಿಗೂ ಸಿಗುವುದು ಒಂದೇ ದೋಷ. ನೀವು ಆ್ಯಪ್‌ನ ದಾರಿಗೆ ಅಡ್ಡ ಬನ್ನಿ: ಪಾವತಿಯ ನಡುವೆ ಕರೆ ಬರಿಸಿ, ವೈಫೈ ಆರಿಸಿ ಮೊಬೈಲ್ ಡೇಟಾಕ್ಕೆ ಹೋಗಿ, ಫೋನ್ ಅಡ್ಡ ತಿರುಗಿಸಿ, ಅಕ್ಷರದ ಗಾತ್ರವನ್ನು ಗರಿಷ್ಠಕ್ಕೇರಿಸಿ.

ಕನ್ನಡ ಬಲ್ಲವರಿಗೆ ಇಲ್ಲೊಂದು ಸ್ವಂತ ಗದ್ದೆಯೇ ಇದೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದ ಗುಂಡಿಯಲ್ಲಿ ‘ರಾಷ್ಟ್ರೀಯ’ ಎಂದು ಬರೆದರೆ ಕೆಳಗಿನ ಒತ್ತು ಕತ್ತರಿಸಿಹೋಗಬಹುದು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಯಂತ್ರದ ಲೆಕ್ಕದಲ್ಲಿ 6 ಸಂಕೇತ. ಹಾಗಾಗಿ ಅಕ್ಷರಮಿತಿ ಇರುವ ಹೆಸರಿನ ಅಂಕಣದಲ್ಲಿ ಕನ್ನಡ ಹೆಸರು ಅರ್ಧಕ್ಕೇ ತುಂಡಾಗಬಹುದು. ಇವನ್ನು ಕನ್ನಡ ಓದಲು ಬಾರದ ಪರೀಕ್ಷಕ ಜನ್ಮದಲ್ಲಿ ಹಿಡಿಯಲಾರ.

ಹಂತ 5: ವರದಿ

ಜನ ಮುಗ್ಗರಿಸುವುದು ಇಲ್ಲೇ. ‘ಟಿಕೆಟ್ ಬುಕ್ ಆಗುತ್ತಿಲ್ಲ, ದಯವಿಟ್ಟು ಸರಿಪಡಿಸಿ’ ಎಂದು ಬರೆಯುತ್ತಾರೆ. ಅದು ಗ್ರಾಹಕರ ದೂರು. ಪರೀಕ್ಷಕರು ಬರೆಯಬೇಕಾದ ಶೀರ್ಷಿಕೆ ಹೀಗಿರಲಿ: ‘ಪಾವತಿ ಪುಟದಲ್ಲಿದ್ದಾಗ ಕರೆ ಸ್ವೀಕರಿಸಿ ಮರಳಿದರೆ ಆಯ್ದ ಆಸನ ಅಳಿಸಿಹೋಗುತ್ತದೆ’. ಎಲ್ಲಿ, ಏನು ಮಾಡಿದಾಗ, ಏನಾಯಿತು ಎಂಬ ಮೂರೂ ಅದರಲ್ಲಿವೆ.

ಶೀರ್ಷಿಕೆಯ ಕೆಳಗೆ ಹೆಜ್ಜೆಗಳು. ಆ್ಯಪ್ ತೆರೆಯುವುದರಿಂದಲೇ ಶುರುಮಾಡಿ, ಒಂದು ಸಾಲಿಗೆ ಒಂದೇ ಕ್ರಿಯೆ. ‘ಲಾಗಿನ್ ಆಗಿ ಆಸನ ಆರಿಸಿ ಮುಂದುವರಿಯಿರಿ’ ಎಂದರೆ ಅದು ಮೂರು ಸಾಲು. ‘ಯಾವುದಾದರೂ ದಿನಾಂಕ’ ಎನ್ನದೆ ನೀವು ಆರಿಸಿದ ದಿನಾಂಕವನ್ನೇ ಹಾಕಿ. ನಂತರ ಏನಾಗಬೇಕಿತ್ತು, ಏನಾಯಿತು ಎಂಬುದನ್ನು ಬೇರೆ ಬೇರೆಯಾಗಿ ಬರೆಯಿರಿ. ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಆ್ಯಪ್ ಆವೃತ್ತಿ, ನೆಟ್‌ವರ್ಕ್ ಬಿಡಬೇಡಿ. ಆ್ಯಪ್ ಪೂರ್ತಿ ಮುಚ್ಚಿ, ಮೊದಲಿನಿಂದ ಐದು ಸಲ ಮಾಡಿ ನೋಡಿ. ಐದರಲ್ಲಿ ಎರಡೇ ಸಲ ಬಂದರೆ 2/5 ಎಂದೇ ನಮೂದಿಸಿ. ಪ್ರಾಮಾಣಿಕವಾದ 2/5, ಸುಳ್ಳು 5/5ಕ್ಕಿಂತ ಬೇಗ ಒಪ್ಪಿಗೆಯಾಗುತ್ತದೆ. ಏಕೆಂದರೆ 2/5 ಎಂದು ಓದಿದ ಪರಿಶೀಲಕರು ಒಂದು ಸಲ ಮಾಡಿ ನೋಡಿ ಕೈಬಿಡುವುದಿಲ್ಲ.

ವಿಡಿಯೊ ಅರ್ಧ ನಿಮಿಷ ಮೀರದಿರಲಿ. ಆ್ಯಪ್ ಕುಸಿದುಬಿದ್ದರೆ ಡೆವಲಪರ್ ಆಯ್ಕೆಗಳಿಂದ ‘ಬಗ್ ರಿಪೋರ್ಟ್’ ಎಂಬ ಫೋನಿನ ದಾಖಲೆಗಳ ಕಡತ ತೆಗೆದು ಸೇರಿಸಿ, ಕುಸಿದ ಸಮಯವನ್ನೂ ಬರೆಯಿರಿ. ಆ ಕಡತದಲ್ಲಿ ನಿಮ್ಮ ಖಾಸಗಿ ಮಾಹಿತಿಯೂ ಸೇರಿರಬಹುದು, ವೇದಿಕೆಯ ಹೊರಗೆ ಯಾರಿಗೂ ಕೊಡಬೇಡಿ. ಎಲ್ಲಕ್ಕೂ ‘ಅತಿ ಗಂಭೀರ’ ಎಂಬ ಪಟ್ಟಿ ಅಂಟಿಸುವ ಚಟವೂ ಬೇಡ.

ಕನ್ನಡದ ದೋಷಕ್ಕೆ ಇನ್ನೊಂದು ಕೆಲಸವಿದೆ. ತಪ್ಪಾಗಿ ಕಂಡ ಪಠ್ಯವನ್ನು ನಕಲು ಮಾಡಿ ಬೇರೊಂದು ಆ್ಯಪ್‌ನಲ್ಲಿ ಅಂಟಿಸಿ. ಅಲ್ಲಿ ಸರಿಯಾಗಿ ಕಂಡರೆ ತೊಂದರೆ ಮೊದಲ ಆ್ಯಪ್‌ನ ಫಾಂಟ್ ಅಥವಾ ಪುಟವಿನ್ಯಾಸದ್ದು. ಅಲ್ಲೂ ತಪ್ಪಿದ್ದರೆ ಬಹುತೇಕ ಪಠ್ಯವೇ ತಪ್ಪು. ಇದನ್ನು ಒಂದು ಸಾಲಿನಲ್ಲಿ ಬರೆಯಿರಿ, ಸರಿಯಾದ ರೂಪವನ್ನೂ ಕೊಡಿ. ಓದುವ ಎಂಜಿನಿಯರ್‌ಗೆ ಕನ್ನಡ ಬರುವುದಿಲ್ಲ ಎಂದೇ ಭಾವಿಸಿ ತಪ್ಪಿನ ಜಾಗಕ್ಕೆ ಚಿತ್ರದಲ್ಲಿ ಸುತ್ತು ಹಾಕಿ. ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರಬೇಕು. ಚಿಕ್ಕ ಚಿಕ್ಕ ವಾಕ್ಯ ಸಾಕು, ಅಲಂಕಾರ ಯಾರಿಗೂ ಬೇಕಿಲ್ಲ.

ಹಂತ 6: ಹಣ

ಹೊರದೇಶದ ವೇದಿಕೆಗಳು ಹೆಚ್ಚಾಗಿ ಪೇಪಾಲ್ ಅಥವಾ ಪಯೋನೀರ್ ಎಂಬ ಆನ್‌ಲೈನ್ ಹಣಪಾವತಿ ಸೇವೆಗಳ ಮೂಲಕ ಕೊಡುತ್ತವೆ. ಪ್ಯಾನ್ ಬೇಕು, ಖಾತೆಯ ಹೆಸರು ಪ್ಯಾನ್‌ನಲ್ಲಿರುವಂತೆಯೇ ಇರಬೇಕು, ಬಂದದ್ದನ್ನು ಆದಾಯ ತೆರಿಗೆ ವಿವರದಲ್ಲಿ ತೋರಿಸಬೇಕು.

ಬಿಡುಗಡೆಯಾಗದ ಆ್ಯಪ್‌ನ ಚಿತ್ರವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದರೆ ಗೋಪ್ಯತಾ ಒಪ್ಪಂದ ಮುರಿದಂತೆ, ಖಾತೆಯೇ ಮುಚ್ಚಬಹುದು. ವರದಿ ತಿರಸ್ಕೃತವಾದರೆ ಜಗಳಕ್ಕೆ ನಿಲ್ಲದೆ ಕಾರಣ ಓದಿ. ‘ನಮ್ಮಲ್ಲಿ ಮರುಕಳಿಸಲಿಲ್ಲ’ ಎಂದಿದ್ದರೆ ನಿಮ್ಮ ಹೆಜ್ಜೆಗಳನ್ನು ಮನೆಯಲ್ಲೇ ಇನ್ನೊಬ್ಬರ ಕೈಗೆ ಕೊಟ್ಟು, ಏನೂ ವಿವರಿಸದೆ ಮಾಡಿಸಿ. ಅವರು ತಡವರಿಸಿ ನಿಮ್ಮ ಮುಖ ನೋಡಿದ ಸಾಲನ್ನು ತಿದ್ದಿ, ಮೇಲ್ಮನವಿಗೆ ಅವಕಾಶವಿದ್ದರೆ ಆ ತಿದ್ದುಪಡಿಯೊಂದಿಗೇ ಸಲ್ಲಿಸಿ.