ನಕ್ಷೆ ಓದಲು ಕಲಿಸುವುದು: ನನ್ನ ಅನುಭವ

ಪ್ರೌಢಶಾಲೆಯ ಮಕ್ಕಳಿಗೆ ನಕ್ಷೆ ಕಲಿಸುವಾಗ ನಾನು ಚಿಹ್ನೆಗಳ ಪಟ್ಟಿಯಿಂದ ಶುರು ಮಾಡುವುದಿಲ್ಲ. ನೀಲಿ ಗೆರೆ ನದಿ, ಹಸಿರು ಬಣ್ಣ ಕಾಡು ಎಂಬುದನ್ನು ನಕ್ಷೆಯ ಅಂಚಿನ ಸೂಚಿ ನೋಡಿ ಅವರೇ ತಿಳಿದುಕೊಳ್ಳುತ್ತಾರೆ. ಮೊದಲ ತರಗತಿಯಲ್ಲೇ ಸ್ಕೇಲು, ಕಾಗದದ ಪಟ್ಟಿ ಕೈಗೆ ಕೊಡುತ್ತೇನೆ. ಅಳೆದು ನೋಡದ ನಕ್ಷೆ ಮಕ್ಕಳಿಗೆ ಬರೀ ಚಿತ್ರವಾಗಿಯೇ ಉಳಿದುಬಿಡುತ್ತದೆ.

ನಕ್ಷೆಯ ಅನುಪಾತ 1:50,000 ಅಂದರೆ ಅದರ 1 ಸೆಂ.ಮೀ.ಗೆ ನೆಲದ ಮೇಲೆ 500 ಮೀಟರ್. ಇದನ್ನು ಎಲ್ಲರೂ ಬೇಗ ಹಿಡಿಯುತ್ತಾರೆ. ಎಡವುವುದು ವಿಸ್ತೀರ್ಣದಲ್ಲಿ: 1 ಚದರ ಸೆಂ.ಮೀ.ಗೆ ಅರ್ಧ ಚದರ ಕಿ.ಮೀ. ಎಂದುಬಿಡುತ್ತಾರೆ. ಅರ್ಧವನ್ನು ಅರ್ಧದಿಂದ ಗುಣಿಸಬೇಕು, ಬರುವುದು 0.25. ಇನ್ನೊಂದು ತೊಡಕು ಜೆರಾಕ್ಸಿನದು. ನಕ್ಷೆಯನ್ನು ಎರಡು ಪಟ್ಟು ಹಿಗ್ಗಿಸಿದರೆ ಅದು 1:25,000 ಆಗುತ್ತದೆ, ಆದರೆ ಮುದ್ರಿತ ಅನುಪಾತ ಮಾತ್ರ 1:50,000 ಎಂದೇ ಹೇಳುತ್ತಿರುತ್ತದೆ. ದೂರ ಅಳೆಯಲು ನಕ್ಷೆಯಲ್ಲೇ ಮುದ್ರಿಸಿದ ಅಳತೆಯ ಪಟ್ಟಿ ನಕ್ಷೆಯ ಜೊತೆಗೇ ಹಿಗ್ಗುವುದರಿಂದ, ಪ್ರತಿಗಳ ಮೇಲೆ ಅದನ್ನೇ ನಂಬಿ ಅಳೆಯಿಸುತ್ತೇನೆ.

ಅಂಕುಡೊಂಕು ರಸ್ತೆಯನ್ನು ದಾರದಿಂದ ಅಳೆಯುವ ರೂಢಿ ಇದೆ. ದಾರ ಹಿಗ್ಗುತ್ತದೆ, ತಿರುವಿನಲ್ಲಿ ಜಾರುತ್ತದೆ. ಕಾಗದದ ನೇರ ಅಂಚನ್ನು ರಸ್ತೆಯ ಮೇಲಿಟ್ಟು, ತಿರುವು ಬಂದಲ್ಲಿ ಗುರುತು ಹಾಕಿ, ಪೆನ್ಸಿಲ್ ತುದಿಯನ್ನು ಅಲ್ಲೇ ಒತ್ತಿಹಿಡಿದು ಕಾಗದವನ್ನಷ್ಟೇ ತಿರುಗಿಸಿ ಮುಂದೆ ಹೋಗುವುದು ಮೇಲು. ಕೊನೆಯ ಗುರುತನ್ನು ಅಳತೆಯ ಪಟ್ಟಿಗೆ ಹಿಡಿದರೆ ದೂರ ಸಿಕ್ಕಿತು.

ಗ್ರಿಡ್ ಉಲ್ಲೇಖಕ್ಕೆ, ಅಂದರೆ ನಕ್ಷೆಯ ಚೌಕಗೆರೆಗಳ ಅಂಕಿಯಿಂದ ಜಾಗ ಹೇಳುವುದಕ್ಕೆ, ಒಂದೇ ನಿಯಮ: ಮೊದಲು ಪೂರ್ವದತ್ತ, ಆಮೇಲೆ ಉತ್ತರದತ್ತ. 1 ಕಿ.ಮೀ. ಚೌಕಗಳಲ್ಲಿ ನಾಲ್ಕಂಕಿ ಒಂದು ಚೌಕವನ್ನು, ಆರಂಕಿ ಅದರೊಳಗಿನ 100 ಮೀಟರ್ ಜಾಗವನ್ನು ತೋರಿಸುತ್ತದೆ.

ಹೆಚ್ಚು ಸಮಯ ಬೇಡುವುದು ಸಮೋನ್ನತಿ ರೇಖೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ. ಬೋರ್ಡಿನ ಮೇಲೆ ಎಷ್ಟು ಸುತ್ತು ಬರೆದರೂ ತಲೆಗೆ ಹೋಗದ್ದು, ಕೈಯಲ್ಲಿ ಮಾಡಿದಾಗ ಹೋಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬದಲ್ಲಿ ಸುಮಾರು 6 ಸೆಂ.ಮೀ. ಎತ್ತರದ ಬೆಟ್ಟ ಮಾಡಿಸುತ್ತೇನೆ. ಒಂದು ಬದಿ ಕಡಿದಾದದ್ದು, ಇನ್ನೊಂದು ಬದಿ ನಿಧಾನ ಇಳಿಜಾರು, ನಡುವೆ ಬೆರಳಲ್ಲಿ ಎಳೆದ ಒಂದು ಕಣಿವೆ. ನೀರಿಗೆ ಕರಗದ, ಎಣ್ಣೆಯಂಶದ ಕ್ಲೇ ಬೇಕು. ಹಸಿ ಜೇಡಿಮಣ್ಣಾದರೆ ಗೆರೆ ಅಳಿಸಿಹೋಗುತ್ತದೆ. ಡಬ್ಬದ ಹೊರಗೆ ಸ್ಕೇಲ್ ಅಂಟಿಸಿ, ಬಣ್ಣದ ನೀರನ್ನು 1 ಸೆಂ.ಮೀ. ಏರಿಸುವುದು, ನೀರು ಮುಟ್ಟಿದ ಅಂಚಿನ ಸುತ್ತ ಕಡ್ಡಿಯಿಂದ ಗೀರುವುದು, ಮತ್ತೆ ಏರಿಸುವುದು. ನೀರು ಚೆಲ್ಲಿ, ಡಬ್ಬದ ಬಾಯಿಗೆ ಪಾರದರ್ಶಕ ಹಾಳೆ ಬಿಗಿದು, ಗೀರುಗಳನ್ನು ಮೇಲಿನಿಂದ ಹಾಳೆಗೆ ಇಳಿಸಬೇಕು. ಇಲ್ಲಿ ಒಂದು ಕಣ್ಣು ಮುಚ್ಚಿರಬೇಕು, ಇನ್ನೊಂದು ಸದಾ ಪೆನ್ನಿನ ತುದಿಯ ನೇರ ಮೇಲಿರಬೇಕು. ಒಂದೇ ಕಡೆ ಕುಳಿತು ಓರೆಯಾಗಿ ನೋಡಿ ಬರೆದರೆ ಕೆಳಗಿನ ಗೆರೆಗಳು ಬರೆಯುವವರತ್ತ ಜರುಗುತ್ತವೆ. ಆಚೆ ಬದಿಯ ಗೆರೆಗಳು ಒತ್ತಾಗಿ, ಬೆಟ್ಟದಲ್ಲಿ ಇಲ್ಲದ ಕಡಿದಾದ ಇಳಿಜಾರು ನಕ್ಷೆಯಲ್ಲಿ ಹುಟ್ಟಿಕೊಳ್ಳುತ್ತದೆ.

ಬೆರಳಿನ ಕಣಿವೆ ಫಲ ಕೊಡುವುದು ಈಗ. ಕಣಿವೆಯಲ್ಲಿ ರೇಖೆಗಳ ಮೊನೆ ಎತ್ತರದ ಕಡೆಗೆ, ಏಣಿನಲ್ಲಿ (ಬೆಟ್ಟದಿಂದ ಚಾಚಿದ ಏರುಭಾಗದಲ್ಲಿ) ತಗ್ಗಿನ ಕಡೆಗೆ. ಆಕಾರ ಎರಡಕ್ಕೂ ಒಂದೇ, ಆದ್ದರಿಂದ ಎತ್ತರದ ಅಂಕಿ ಓದದೆ ಉತ್ತರ ಹೇಳಲು ಬಿಡುವುದಿಲ್ಲ.

ಕೊನೆಗೆ ಅಡ್ಡಕೊಯ್ತದ ಚಿತ್ರ, ಅಂದರೆ ನೆಲವನ್ನು ನೆಟ್ಟಗೆ ಕೊಯ್ದು ಪಕ್ಕದಿಂದ ನೋಡಿದಂತೆ ಬರೆದದ್ದು. 640 ಮೀ. ಮತ್ತು 740 ಮೀ. ರೇಖೆಗಳ ನಡುವೆ 1:50,000 ನಕ್ಷೆಯಲ್ಲಿ 2 ಸೆಂ.ಮೀ. ಇದ್ದರೆ 1,000 ಮೀಟರಿಗೆ 100 ಮೀಟರ್ ಏರು, ಅಂದರೆ ಹತ್ತಕ್ಕೆ ಒಂದು. ಕೋನ 6 ಡಿಗ್ರಿಗೂ ಕಡಿಮೆ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ 1 ಸೆಂ.ಮೀ.ಗೆ 500 ಮೀ., ಲಂಬಕ್ಕೆ 1 ಸೆಂ.ಮೀ.ಗೆ 100 ಮೀ. ಇಟ್ಟರೆ ಎತ್ತರ ಐದು ಪಟ್ಟು ಹಿಗ್ಗಿ, ಅದೇ ಏರು ಸುಮಾರು 27 ಡಿಗ್ರಿಯಾಗಿ ಕಾಣುತ್ತದೆ. ಸೈಕಲ್ ತುಳಿದು ಹತ್ತಬಹುದಾದ ದಾರಿಯನ್ನು ಮಕ್ಕಳು ಬಂಡೆಯೇರು ಎಂದು ಬರೆಯುವುದು ಇದರಿಂದಲೇ. ಹಿಗ್ಗಿಸದೆ ಬರೆದರೆ ಗೆರೆ ಬಹುತೇಕ ಚಪ್ಪಟೆಯಾಗುತ್ತದೆ, ಹಾಗಾಗಿ ಹಿಗ್ಗಿಸುವುದು ಬೇಕೇ ಬೇಕು. ಆದರೆ ‘ಲಂಬ ಅಳತೆ ಐದು ಪಟ್ಟು’ ಎಂದು ಕೆಳಗೆ ನಮೂದಿಸದ ಚಿತ್ರವನ್ನು ನಾನು ಅಂಕ ಹಾಕದೆ ವಾಪಸ್ ಕೊಡುತ್ತೇನೆ.